ಬ್ರಿಜ್ಜಿನ ಮೇಲಿನ ಚುಕ್ಕೆ

ಹಿತ್ತಾಳೆ ಸುರುಳಿ ಬಿಡುವುದಿಲ್ಲ, ಕಬ್ಬಿಣವಾದರೆ ಲೇತಿನ ಬಾಯಿಂದ ಮೊಳದುದ್ದದ ಸುರುಳಿ ಇಳಿಯುತ್ತದೆ, ಹಿತ್ತಾಳೆ ಸಕ್ಕರೆಯ ಹಾಗೆ ಪುಡಿಪುಡಿಯಾಗಿ ಉದುರುತ್ತದೆ, ಉದುರಿದ್ದರಲ್ಲಿ ಒಂದು ಚೂರು ಹೊಳೆಯಪ್ಪನ ಎಡಗಾಲಿನ ಚಪ್ಪಲಿಯೊಳಗೆ ಸೇರಿ ಬೆರಳ ಸಂದಿಯಲ್ಲಿ ಚುಚ್ಚುತ್ತಿತ್ತು, ಬಗ್ಗಿ ತೆಗೆಯಬೇಕು, ಬಗ್ಗಿದರೆ ಅಂಗಿಯ ಕಿಸೆಯಲ್ಲಿನ ಫೋನು ಜಾರಿ ಬೀಳುತ್ತದೆ, ಫೋನು ಕೈಗೆ ಬಂದರೆ ಆ ಮೆಸೇಜು ಕಣ್ಣಿಗೆ ಬೀಳುತ್ತದೆ — ಇರಲಿ ಬಿಡು, ಚುಚ್ಚಲಿ. ಮುಂಡರಗಿಯಲ್ಲಿ ಬಸ್ಸು ಹತ್ತುವ ಮುಂಚೆಯೇ ಬಂದ ಮೆಸೇಜು, ಹುಬ್ಬಳ್ಳಿಯ ಶಿವರಂಜನಿಯದು, ವಾದ್ಯಗಳ ವಿಡಿಯೋ ಮಾಡುವ ಹುಡುಗಿ, ಸರ, ಆಗ ಬಿಟ್ಟ ವಿಡಿಯೋದ ಕೆಳಗ ನಿಮ್ಮ ಬೇಸ್ ಗಿಟಾರಿನ ಯಾವ ಪಾರ್ಟ್ ಯಾರು ಮಾಡಿದ್ದು ಅಂತ ಪಟ್ಟಿ ಹಾಕಾಕತ್ತೀನ್ರಿ, ಬ್ರಿಜ್ಜು — ಹೊಳೆಯಪ್ಪ, ಮುಂಡರಗಿ, ಬರೋಬ್ಬರಿ ಐತೇನ್ರಿ, ಹನ್ನೆರಡಕ್ಕ ಪಟ್ಟಿ ಬಿಡ್ತೀನಿ. ಬರೋಬ್ಬರಿ ಇಲ್ಲ. ಆ ಬ್ರಿಜ್ಜು ಮಾಡಿದವನು ಎರಡು ಮಾರು ದೂರದಲ್ಲಿ ಬೆನ್ನು ತಿರುಗಿಸಿಕೊಂಡು ಲೇತಿನ ಮುಂದೆ ನಿಂತಿದ್ದಾನೆ, ಲಕ್ಷ್ಮೇಶ್ವರದ ರಹಮಾನಸಾಬ, ಹೊಳೆಯಪ್ಪನಿಗೆ ಚಾಚಾ, ಪಂಪಿನ ದಂಡಕ್ಕೆ ತೊಡಿಸುವ ಹಿತ್ತಾಳೆ ಬಳೆ, ಬುಶ್ಶು, ತಿರುವುವವನು, ಅರವತ್ತೆಂಟು ವರ್ಷ, ವಿಡಿಯೋ ನೋಡುವವನಲ್ಲ. ಅವನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಮೇಲೆ ಶಿವರಂಜನಿಗೆ ಅವನ ಹೆಸರು ಬರೆದು ಕಳಿಸಬೇಕೆಂದೇ ಬಂದದ್ದು. ಗಡಿಯಾರ ಹನ್ನೊಂದೂ ಹತ್ತು. ಕುಂಡ್ರು ಹೊಳೆಯಪ್ಪ, ಇದೊಂದ ಬುಶ್ ಮುಗಿಸಿಬಿಡ್ತೀನಿ, ಅಡರಕಟ್ಟಿಯವರು ಮಧ್ಯಾಹ್ನ ಬರ್ತಾರ ಅಂದಿದ್ದಾನೆ ಚಾಚಾ, ಅದಕ್ಕೆ ಹೊಳೆಯಪ್ಪ ಕೂತಿದ್ದಾನೆ.

ಬ್ರಿಜ್ಜು ಅಂದರೆ ಏನು ಮಹಾ, ಗಿಟಾರಿನ ಹೊಟ್ಟೆಯ ಮೇಲೆ ನಾಲ್ಕು ತಂತಿಗಳ ತುದಿ ಹಿಡಿದುಕೊಂಡು ಕೂರುವ ಒಂದು ಲೋಹದ ಪಟ್ಟಿ, ಆದರೆ ಅದು ಸಡಿಲಾದರೆ ಬೇಸ್ ಗಿಟಾರು ಸತ್ತ ಹಾಗೆ, ಅವನದು ಸತ್ತೇ ಹೋಗಿತ್ತು, ಬೆಟಗೇರಿಯ ಆರ್ಕೆಸ್ಟ್ರಾದಲ್ಲಿ ಇಪ್ಪತ್ತೆರಡು ವರ್ಷ ಬಾರಿಸಿದ ಗಿಟಾರು, ಹುಟ್ಟುತ್ತಲೇ ತಗಡಿನ ಬ್ರಿಜ್ಜು, ದಪ್ಪ ತಂತಿ ಮೀಟಿದರೆ ಧುಂ ಅನ್ನಬೇಕಾದದ್ದು ಗೊರ್ ಅನ್ನುತ್ತಿತ್ತು, ತಂತಿಯ ಎತ್ತರ ಹಿಡಿಯುವ ಪುಟ್ಟ ತಿರುಪುಗಳು ಹಾಡು ಮುಗಿಯುವುದರೊಳಗೆ ತಾವಾಗಿಯೇ ಇಳಿದುಬಿಡುತ್ತಿದ್ದವು, ಬೆಂಕಿಕಡ್ಡಿ ಸಿಗಿಸಿ ನೋಡಿದ, ಸೈಕಲ್ ಟ್ಯೂಬಿನ ತುಂಡು ಇಟ್ಟು ನೋಡಿದ, ಡಂಬಳದ ಒಂದು ಮದುವೆಯಲ್ಲಿ ಅರ್ಧ ಹಾಡಿಗೇ ತಂತಿ ಕಿತ್ತು ಮೂಗಿಗೆ ಬಡಿಯಿತು, ಎಲ್ಲರೂ ನಕ್ಕರು, ಇಪ್ಪತ್ತೆರಡು ವರ್ಷದಲ್ಲಿ ಜನ ಅವನ ಕಡೆ ನೋಡಿದ್ದು ಅದೊಂದೇ ಸಲ. ಹಾಡುವವರ ಹೆಸರು ಮೈಕಿನಲ್ಲಿ ಕೂಗುತ್ತಾರೆ, ಕೀಬೋರ್ಡಿನವನದು ಕೂಗುತ್ತಾರೆ, ಡ್ರಮ್ಮಿನವನದು ಕೂಗಿ ಒಂದು ಉರುಳಿಕೆ ಬಾರಿಸಲು ಹೇಳುತ್ತಾರೆ, ಆಮೇಲೆ ಬೀಗರಿಗೆ ಊಟಕ್ಕೆ ಏಳಿ ಅನ್ನುತ್ತಾರೆ. ಬೇಸಿನವನು ಇದ್ದಾನೆಂದು ಗೊತ್ತಾಗುವುದು ಅವನು ನಿಲ್ಲಿಸಿದಾಗ ಮಾತ್ರ, ಅದೂ ಯಾರಿಗೂ ಏನು ನಿಂತಿತೆಂದು ಗೊತ್ತಾಗುವುದಿಲ್ಲ, ಏನೋ ಸಪ್ಪಗಾತಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಆ ಮುರುಕು ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಇಲ್ಲಿಗೆ ಬಂದಿದ್ದ, ಚಾಚಾ ಅಂಥದ್ದನ್ನು ಕಂಡವನೇ ಅಲ್ಲ, ಗೋಣಿಚೀಲ ಹಾಸಿ ಅದರ ಮೇಲೆ ಮಲಗಿಸಿ, ದಪ್ಪ ತಂತಿ ಮೀಟಿ, ಕಿವಿ ಹಚ್ಚಿ, ತಪ್ಪ ತಂತಿದಲ್ಲೋ, ತಂತಿ ನಿಂತ ನೆಲಾನ ಗಟ್ಟಿ ಇಲ್ಲ ಅಂದ. ಬೆರಳು ದಪ್ಪದ ಹಿತ್ತಾಳೆ ಪಟ್ಟಿ ಗುಜರಿಯಿಂದ ತಂದ, ತಂತಿ ಕೂರಲು ನಾಲ್ಕು ಗುಂಡು ತಿರುವಿದ, ಒಂದೊಂದರ ಸೊಂಟಕ್ಕೂ ಸಣ್ಣ ಗೀರು ಕೊರೆದ, ತಗಡಿನ ಕೆಳಗೆ ಅಡಗಿದ್ದ ಒಂದು ವೈರು ಎಳೆದು ಇದೇನಲೇ ಅಂದ, ಇಪ್ಪತ್ತೆರಡು ವರ್ಷ ಬಾರಿಸಿದ ಹೊಳೆಯಪ್ಪನಿಗೆ ಗೊತ್ತಿರಲಿಲ್ಲ, ನಾಚಿಕೆಯಾಯಿತು, ಚಾಚಾನಿಗೆ ಗೊತ್ತಾಯಿತು, ಅರ್ಥಿಂಗಲೇ ಇದ, ಪಂಪಿಗಿ ಹೆಂಗ ಹಂಗ, ಪಟ್ಟಿಗಿ ಮುಟ್ಟಿಸಲಿಲ್ಲಂದ್ರ ಸ್ಪೀಕರ್ ಒದರತೈತಿ ನೋಡು. ಮೂರು ಸಲ ಕೆಡಿಸಿದ, ನಾಲ್ಕನೆಯದು ಕೂತಿತು. ಧುಂ. ಅಂಗಡಿಯ ಕಪಾಟಿನ ನಟ್ಟುಗಳೆಲ್ಲ ಸಣ್ಣಗೆ ಅಲುಗಿದವು, ಚಾಚಾ ನಕ್ಕ, ಹೊಳೆಯಪ್ಪನಿಗೆ ಅಳು ಬಂದಿತ್ತು, ಖರೆ ಹೇಳಬೇಕೆಂದರೆ ಬಂದೇಬಿಟ್ಟಿತ್ತು.

ಟಕ್ ಟಕ್ ಟಕ್, ಬಾಗಿಲ ಹತ್ತಿರ ಸಾಯಿಮಾ ಯಾರದೋ ಪರಾತದ ಮೇಲೆ ಹೆಸರು ಹಾಕುತ್ತಿದ್ದಾಳೆ, ಚಾಚಾನ ಮಗಳು, ಪಾತ್ರೆಗಳಿಗೆ ಹೆಸರು ಹಾಕುವುದೇ ಅವಳ ಕೆಲಸ, ಒಂದು ಚೂಪು ಮೊಳೆ, ಒಂದು ಸಣ್ಣ ಸುತ್ತಿಗೆ, ಚುಕ್ಕೆಯ ಪಕ್ಕ ಚುಕ್ಕೆ ಕೂತು ಅಕ್ಷರ. ಪಾತ್ರೆಯ ಮೇಲೆ ಹೆಸರು ಕೊಟ್ಟವರದು ಇರುತ್ತದೆ, ಇಲ್ಲವೇ ಇಟ್ಟುಕೊಂಡವರದು, ಹೊಳೆಯಪ್ಪನ ಮನೆಯ ನೀರಿನ ಕೊಡದ ಮೇಲೆ ಹೆಂಡತಿ ಸಾವಿತ್ರೆವ್ವನ ಸೋದರಮಾವನ ಹೆಸರಿದೆ, ಹಿರೇಹಂದಿಗೋಳದ ಚನ್ನಬಸವಣ್ಣ, ಆ ಕೊಡ ಚನ್ನಬಸವಣ್ಣನೇ ಬಡಿದು ಮಾಡಿದ್ದೆಂದು ಈ ಸೀಮೆಯಲ್ಲಿ ಯಾರೂ ತಿಳಿಯುವುದಿಲ್ಲ, ತಿಳಿದರೆ ನಗುತ್ತಾರೆ. ಬ್ರಿಜ್ಜು ಮುಗಿದ ದಿನ ಚಾಚಾ ಅದನ್ನೂ ಮಗಳ ಮುಂದೆ ಇಟ್ಟ, ಹೆಸರಿಲ್ಲದ ಸಾಮಾನ ಅಂಗಡಿ ಬಿಟ್ಟ ಹೊರಗ ಹೋಗಬಾರದವಾ, ನಾಕ ಮಂದಿ ಸಾಮಾನದಾಗ ಬೆರತ ಹೋದ್ರ ಯಾರದಂತ ತಿಳೀಬೇಕು. ಟಕ್ ಟಕ್, ಹೊ, ಳೆ, ಯ, ಪ್ಪ. ಹೆಸರು ಮುಗಿದಲ್ಲಿ ಇನ್ನೊಂದು ಚುಕ್ಕೆ, ಬೇರೆಯದೇ, ತುಸು ಆಳದ್ದು. ಮೊಳೆ ಜಾರಿರಬೇಕು ಅಂದುಕೊಂಡಿದ್ದ. ಬಾರಿಸುವಾಗ ಬಲ ಅಂಗೈಯ ಅಂಚು ಬ್ರಿಜ್ಜಿನ ಮೇಲೆಯೇ ಕೂರುತ್ತದೆ, ಸರಿಯಾಗಿ ಆ ಚುಕ್ಕೆಯ ಮೇಲೆ, ಒಂದು ವರ್ಷದಲ್ಲಿ ಅಲ್ಲಿ ಜೋಳದ ಕಾಳಿನಷ್ಟು ಚರ್ಮ ಗಟ್ಟಿಯಾಗಿದೆ, ಕತ್ತಲೆಯಲ್ಲೂ ಕೈಗೆ ಜಾಗ ಗೊತ್ತಾಗುತ್ತದೆ.

ಶಿವರಂಜನಿ ಹುಬ್ಬಳ್ಳಿಯವಳಾದರೂ ಓದಿ ಬೆಳೆದದ್ದು ಎಲ್ಲೆಲ್ಲೋ, ಪಾತ್ರೆಯ ರೀತಿ ಅವಳಿಗೇನು ಗೊತ್ತು, ಗದಗಿನ ಕಲ್ಯಾಣ ಮಂಟಪದಲ್ಲಿ ಹಾಡುವವರನ್ನೆಲ್ಲ ಬಿಟ್ಟು ಕ್ಯಾಮರಾ ಹಿಡಿದುಕೊಂಡು ನೇರ ಇವನ ಹತ್ತಿರ ಬಂದಳು, ಸರ, ಎಷ್ಟ ಚಂದ ತುಂಬಿ ಬರಾಕತ್ತೈತ್ರಿ ದನಿ, ಈ ಬ್ರಿಜ್ಜಿನ ಮ್ಯಾಲ ಹೊಳೆಯಪ್ಪ ಅಂತ ಐತಲ್ರಿ, ನೀವ ಮಾಡಿದ್ರೇನು? ಇಲ್ಲ ಅನ್ನಲು ಎಷ್ಟು ಹೊತ್ತು ಬೇಕು, ಎರಡು ಅಕ್ಷರ, ಆದರೆ ಕ್ಯಾಮರಾದ ಕೆಂಪು ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ಡ್ರಮ್ಮಿನ ಮಲ್ಲು ಬಾಯಿ ತೆರೆದು ನೋಡುತ್ತಿದ್ದ, ಕುತ್ತಿಗೆ ತಾನಾಗಿ ಮೇಲೆ ಕೆಳಗೆ ಆಡಿತು, ಹೂನ್ರಿ, ನಾನ ಮಾಡಿದ್ದು. ಅಷ್ಟೇ. ಮೈಕಿನವರು ಇಪ್ಪತ್ತೆರಡು ವರ್ಷ ಅವನಿಗೆ ಮಾಡಿದ್ದನ್ನು ಅವನು ಚಾಚಾನಿಗೆ ಒಂದು ಗೋಣು ಹಾಕುವುದರಲ್ಲಿ ಮಾಡಿ ಮುಗಿಸಿದ. ಅವರಾದರೂ ಮರೆತದ್ದು, ಇವನು ಮರೆತಿರಲಿಲ್ಲ. ವಿಡಿಯೋ ಹೊರಬಿದ್ದ ಮೇಲೆ ಫೋನುಗಳು, ಬೆಳಗಾವಿ, ಬಳ್ಳಾರಿ, ಮೀರಜ, ನಮಗೂ ಒಂದು ಬ್ರಿಜ್ಜು ಬೇಕು, ಒಟ್ಟು ಹನ್ನೆರಡು ಜನ. ಚಾಚಾನಿಗೆ ಹೇಳಿದ್ದು ಇಷ್ಟೇ, ಮಂದಿ ಕೇಳಾಕತ್ತಾರ, ಹನ್ನೆರಡ ಮಾಡ್ರಿ. ಮಾಡೂಣಲ್ಲ, ನೀ ಕೊಡಾಂವ, ನಿನ್ನ ಹೆಸರ ಹಾಕಸ್ತೀನಿ ಎಲ್ಲಾದರ ಮ್ಯಾಲೂ, ಅಂದಿದ್ದ ಚಾಚಾ, ಬೇಡ ಅನ್ನಲಿಲ್ಲ ಇವನು, ಆಗಲೂ. ಒಬ್ಬ ಮಾತ್ರ ಕೇಳಿದ, ಹೆಸರಿನ ಮುಂದೊಂದು ತೂತಿನ ಹಾಗೆ ಕಾಣುತ್ತದಲ್ಲ, ಡಿಫೆಕ್ಟೇನು? ಕೈ ಜಾರೈತ್ರಿ ಅಂದ, ಹೊಸಾವ್ರಾಗ ಇರೂದಿಲ್ಲ. ಅವತ್ತೇ ಸಾಯಿಮಾಗೆ ಬರೆದು ಹಾಕಿದ, ತಂಗಿ, ಹೆಸರಿನ ಮುಂದ ಆ ಚುಕ್ಕಿ ಬ್ಯಾಡ, ಕ್ಲೀನ್ ಇರಲಿ. ಅವಳಿಂದ ಬಂದದ್ದು ಒಂದೇ ಮಾತು, ಆತಣ್ಣ.

ಲೇತು ನಿಂತಿತು. ಹನ್ನೊಂದೂ ನಲವತ್ತು. ಚಾಚಾ ಬುಶ್ಶನ್ನು ಬನಿಯನ್ನಿನ ತುಂಡಿನಿಂದ ಒರೆಸಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಮಗಳ ಕಡೆ ಕೈ ಚಾಚಿದ, ಅವಳು ಮೊಳೆ ಸುತ್ತಿಗೆ ಕೊಟ್ಟಳು, ಬುಶ್ಶಿನ ಅಂಚಿಗೆ ಮೊಳೆ ಇಟ್ಟು ಒಂದೇ ಪೆಟ್ಟು, ಟಕ್. ಒಂದೇ ಚುಕ್ಕೆ. ತುಸು ಆಳದ್ದು. ಹೊಳೆಯಪ್ಪನ ಅಂಗೈ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಕಪಾಟಿನಲ್ಲಿ ಸಾಲಾಗಿ ಬುಶ್ಶುಗಳಿದ್ದವು, ಎದ್ದು ಹತ್ತಿರ ಹೋಗಿ ನೋಡಿದ, ಚಪ್ಪಲಿಯೊಳಗಿನ ಚೂರು ಇನ್ನಷ್ಟು ಒಳಗೆ ಹೋಯಿತು, ಒಂದರ ಮೇಲೆ ಚುಕ್ಕೆ, ಪಕ್ಕದ್ದರ ಮೇಲೆ ಚುಕ್ಕೆ, ಕೆಳಗಿನ ಹಲಗೆಯ ತುಕ್ಕು ಹಿಡಿದ ಚಕ್ಕಡಿಯ ಬುಶ್ಶಿನ ಮೇಲೂ. ಅದೇನ್ರಿ ಚಾಚಾ, ಚುಕ್ಕಿ? ಇದಾ, ನಂದೊಂದ ಗುರ್ತ, ನಮ್ಮ ಅಪ್ಪಂದೂ ಇದ ಇತ್ತು, ಹತ್ತ ವರ್ಷ ಬಿಟ್ಟ ಒಡದ ಬಂದ್ರೂ ನಾ ಮಾಡಿದ್ದಂತ ತಿಳೀಬೇಕಲ್ಲ, ನಂದಿದ್ರ ರೊಕ್ಕ ತಗೊಳ್ಳದ ಮಾಡಿ ಕೊಡಬೇಕ, ಬ್ಯಾರೇದವರ ತಪ್ಪ ನಾ ಹೊರಾಂಗಿಲ್ಲ, ನನ್ನ ತಪ್ಪ ಬ್ಯಾರೇದವರ ಮ್ಯಾಲ ಹಾಕಾಂಗಿಲ್ಲ.

ಆಗ ಹೇಳಿದ, ನಿಂತುಕೊಂಡೇ ಹೇಳಿದ, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ಬರಲಿಲ್ಲ, ಚಾಚಾ, ವಿಡಿಯೋದಾಗ ಕೇಳಿದ್ರು, ಬ್ರಿಜ್ಜು ನಾನ ಮಾಡೇನಿ ಅಂದೆ, ಸುಳ್ಳ ಹೇಳಿದೆ, ಹನ್ನೆರಡೂ ಮಂದಿ ಹಂಗ ತಿಳದಾರ, ತಪ್ಪಾತು. ಚಾಚಾ ಬುಶ್ಶನ್ನು ಬೆಂಚಿನ ಮೇಲೆ ಇಟ್ಟ. ಸಾಯಿಮಾ ತಯಾರಾದ ಹನ್ನೆರಡು ಬ್ರಿಜ್ಜುಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದವಳು ತಲೆ ಎತ್ತದೆ, ನಾ ಅವತ್ತ ವಿಡಿಯೋ ನೋಡೇನಣ್ಣ, ಅಬ್ಬಾಗ ತೋರಸಿಲ್ಲ, ಅಂದಳು, ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಹೊಳೆಯಪ್ಪ ಫೋನು ತೆಗೆದು ಶಿವರಂಜನಿಗೆ ಬರೆದ, ಬ್ರಿಜ್ಜು ನಾ ಮಾಡಿದ್ದಲ್ಲ ತಂಗಿ, ಸುಳ್ಳ ಹೇಳಿದ್ದೆ, ರಹಮಾನಸಾಬ, ಲಕ್ಷ್ಮೇಶ್ವರ, ಹೆಸರು ಹಾಕಿದ್ದು ಸಾಯಿಮಾ, ಇಬ್ಬರದೂ ಬರೀರಿ. ಕಳಿಸಿದ. ಹನ್ನೆರಡಕ್ಕೆ ಎಂಟು ನಿಮಿಷ. ಎದೆಯ ಮೇಲಿನ ಕಲ್ಲು ಇಳಿಯಿತೆಂದುಕೊಂಡು ಫೋನನ್ನು ಚಾಚಾನಿಗೆ ತೋರಿಸಿದ, ಚಾಚಾ ಕನ್ನಡಕ ಹುಡುಕಲಿಲ್ಲ, ಓದಲೂ ಇಲ್ಲ, ಇರಲಿ ತಗೋ, ಹೆಸರ ನಿಂದ ಇದ್ರೂ ನನಗೇನ, ಕೊಡಾಂವ ನೀ, ಕೊಟ್ಟವರ ಹೆಸರ ಇರೂದ ರೀತಿ, ಬಾಯಿ ಮಾತ ಹೋಗ್ಲಿ, ಎಂದ. ಬುಶ್ಶನ್ನು ಮತ್ತೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಚುಕ್ಕಿ ಬ್ಯಾಡ ಅಂದ್ಯಂತಲ್ಲ, ಅದೊಂದ ತಿಳೀಲಿಲ್ಲ ನನಗ. ನನ್ನ ಕೆಲಸದಾಗ ಏನರ ಹೆಚ್ಚು ಕಡಿಮಿ ಆಗಿತ್ತೇನು?

ಇಲ್ಲ ಚಾಚಾ, ಇಲ್ರಿ, ನನಗ ಗೊತ್ತಿರಲಿಲ್ಲ, ಈಗ ಹೊಡೀರಿ, ಹನ್ನೆರಡಕ್ಕೂ ಹೊಡೀರಿ — ಚಾಚಾ ಅಷ್ಟರಲ್ಲಿ ಇನ್ನೊಂದು ಬುಶ್ಶು ಸಿಗಿಸಿ ಲೇತಿನ ಬಟನ್ ಒತ್ತಿದ್ದ, ಮಾತು ಆ ಸದ್ದಿನಲ್ಲಿ ಹೋಯಿತು, ಕೇಳಿಸಿತೋ ಕೇಳಿಸಲಿಲ್ಲವೋ, ಹಿತ್ತಾಳೆ ಉದುರತೊಡಗಿತು. ಹನ್ನೊಂದು ಪೇಪರಿನಲ್ಲಿದ್ದವು, ಹನ್ನೆರಡನೆಯದು ಇನ್ನೂ ಪೇಪರು ಸುತ್ತದೆ ಸಾಯಿಮಾಳ ಮುಂದೆ ಇತ್ತು, ಹೊಳೆಯಪ್ಪ ಅದರ ಮೇಲೆ ಅಂಗೈ ಇಟ್ಟ, ಬಾರಿಸುವಾಗ ಇಡುವ ಹಾಗೆಯೇ, ಹೊ ಸಿಕ್ಕಿತು, ಳೆ ಸಿಕ್ಕಿತು, ಯ, ಪ್ಪ, ಪ್ಪ ಆದ ಮೇಲೆ ಅಂಗೈಯ ಆ ಗಟ್ಟಿ ಜಾಗ ಹುಡುಕಿತು, ನುಣುಪು, ತುಸು ಸರಿಸಿ ಮತ್ತೆ ಹುಡುಕಿತು, ನುಣುಪು, ಚುಕ್ಕೆ ಇರಬೇಕಾದಲ್ಲಿ ನುಣುಪು.