ಆಷಾಢದ ಕಂಪ್ಯೂಟರ್

ಸಂಜೆ ಐದಾದರೆ ವಿಶ್ವವಿದ್ಯಾಲಯ ಪರೀಕ್ಷಾ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ನಾಲ್ಕೂವರೆಯಾದರೂ ನ್ಯಾಮತಿಯ ಒಂದು ಖಾಸಗಿ ಕಾಲೇಜಿನಿಂದ ಅರವತ್ತೆರಡು ಮಕ್ಕಳ ಅರ್ಜಿಗಳ ಫೈಲು ಹೊರಟಿರಲಿಲ್ಲ. ಅದು ಹೋಗದಿದ್ದರೆ ಅಷ್ಟೂ ಮಕ್ಕಳಿಗೆ ಈ ಸಲ ಪರೀಕ್ಷೆಯಿಲ್ಲ. ಸವಳಂಗ, ಗೋವಿನಕೋವಿಯಿಂದ ಬಸ್ಸಿಗೆ ಜೋತುಬಿದ್ದು ಬಂದು ಓದಿದ ಮಕ್ಕಳು, ಪಾಪ!

ಫೈಲು ಕಳಿಸುವ ಜಾವಾ ಪ್ರೋಗ್ರಾಂ ಬರೆದವಳು ಕಲ್ಪನಾ. ಜಗಳೂರಿನವಳು, ತಾತ್ಕಾಲಿಕ ನೌಕರಿ. ಪ್ರತಿ ಸಲ ಗುಂಡಿ ಒತ್ತಿದಾಗಲೂ ಅದೇ ಉತ್ತರ: ಸರ್ವರಿನ ಸರ್ಟಿಫಿಕೇಟ್ ಅವಧಿ ಮುಗಿದಿದೆ, ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ. ಆ ಕಡೆ ಇರುವುದು ವಿಶ್ವವಿದ್ಯಾಲಯದ್ದೇ ಸರ್ವರ್ ಎಂದು ಸಾಬೀತು ಮಾಡುವುದು ಆ ಸರ್ಟಿಫಿಕೇಟ್. ಹೊಸ ಕಂಪ್ಯೂಟರ್ ಬರುವ ಮುನ್ನ, ಹೋದ ವಾರ ಹಳೆಯದರಲ್ಲಿ ಇದೇ ಪ್ರೋಗ್ರಾಂ ಸರಾಗವಾಗಿ ಓಡಿತ್ತು. ಕೇಬಲ್ಲು ಬದಲಿಸಿದಳು, ಮೊಬೈಲ್ ಇಂಟರ್‌ನೆಟ್ ಹಾಕಿದಳು, ಜಾವಾವನ್ನೇ ತೆಗೆದು ಮತ್ತೆ ಹಾಕಿದಳು. ಊಹೂಂ, ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಕಲ್ತಿದ್ದು ಅರ್ಧಂಬರ್ಧ, ಪ್ರೋಗ್ರಾಂ ಬರೆಯಾಕೆ ಬೇರೆ ಹೊರಟಾಳೆ," ಎಂದು ಎರಡು ತಾಸಿನಿಂದ ಗೊಣಗುತ್ತಿದ್ದವರು ಆಫೀಸ್ ಸೂಪರಿಂಟೆಂಡೆಂಟ್ ಷಣ್ಮುಖಪ್ಪ.

ಪ್ರಿನ್ಸಿಪಾಲ್ ರೇಣುಕಪ್ರಸಾದ್ ಧುಮುಗುಡುತ್ತ ಬಂದರು. "ಆ ಸರ್ಟಿಫಿಕೇಟ್ ಚೆಕ್ ಮಾಡೋದೇ ತೆಗೆದುಹಾಕಿ ಕಳಿಸಮ್ಮಾ!"

"ಆಗಲ್ಲ ಸಾರ್. ಮಕ್ಕಳ ಆಧಾರ್ ನಂಬರೆಲ್ಲ ಐತೆ. ಆ ಕಡೆ ಇರೋರು ಯಾರಂತ ಗೊತ್ತಿಲ್ದೆ ಹೆಂಗೆ ಕೊಡಾಕಾಗುತ್ತೆ?"

"ಹಂಗಾದ್ರೆ ನಾಳೆಯಿಂದ ಬರಬೇಡ!"

ಕಲ್ಪನಾ ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು. "ನಮ್ಮ ಸರ್ಟಿಫಿಕೇಟಿಗೆ ಇನ್ನೂ ಹದಿನೈದು ದಿನ ಐತ್ರೀ," ಎಂದಿತು ಆ ಕಡೆಯ ದನಿ. "ಬೇರೆ ಕಾಲೇಜಿನವೆಲ್ಲ ಬಂದವಲ್ಲ?"

ಷಣ್ಮುಖಪ್ಪನವರ ಗೊಣಗಾಟ ಅಲ್ಲಿಗೇ ನಿಂತಿತು, ಈಗ ನೆನಪಾಯಿತು. ಆಷಾಢದಲ್ಲಿ ಹೊಸ ಕಂಪ್ಯೂಟರಿಗೆ ಕೈ ಹಚ್ಚಬಾರದೆಂದು, ಬೆಳಿಗ್ಗೆ ಯಾರೂ ಇಲ್ಲದಾಗ ಅದರ ತಾರೀಖನ್ನು ಶ್ರಾವಣದ ಸೋಮವಾರಕ್ಕೆ ದೂಡಿದ್ದರು. ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಮೊದಲ ಅರ್ಜಿ ತುಂಬಿದ್ದರು. ತಾರೀಖನ್ನು ಹಿಂದಕ್ಕೆ ತರುವುದು ಮಾತ್ರ ಮರೆತೇಹೋಗಿತ್ತು. ಆ ಮುಂದಿನ ತಾರೀಖನ್ನೇ ನಂಬಿದ ಕಂಪ್ಯೂಟರಿಗೆ ಸರ್ಟಿಫಿಕೇಟ್ ಅವಧಿ ಮುಗಿದಂತೆ ಕಂಡಿತ್ತು. ಪರದೆಯ ಮೂಲೆಯಲ್ಲಿ ಗಂಟೆ ಸರಿಯಾಗಿಯೇ ಇತ್ತು, ತಾರೀಖನ್ನು ಯಾರು ನೋಡುತ್ತಾರೆ?

ಹೇಳಬೇಕು, ಈಗಲೇ ಹೇಳಬೇಕು. ಆದರೆ ಹೇಗೆ ಹೇಳುವುದು? ಮೂವತ್ತು ವರ್ಷ ಗತ್ತಿನಿಂದ ನಡೆಸಿದ ಆಫೀಸು, ಜವಾನನೂ ನಗುತ್ತಾನೆ. ನಾಲ್ಕೂ ನಲವತ್ತು. ನಾಲ್ಕೂ ನಲವತ್ತೈದು. ಕಲ್ಪನಾ ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದಳು. ಪ್ರಿನ್ಸಿಪಾಲರು ಅವಳ ಅಪ್ಪ ಅಮ್ಮನನ್ನೂ ಬಿಡದೆ ಬೈಯುತ್ತಿದ್ದರು.

"ತಾರೀಖು..." ಎಂದರು ಷಣ್ಮುಖಪ್ಪ ಕೊನೆಗೆ. "ತಾರೀಖು ನೋಡು ತಾಯಿ. ಪೂಜೆಗೆ ಅಂತ ನಾನೇ ಮುಂದಕ್ಕೆ ಹಾಕಿದ್ದೆ."

ಅವಳು ನೋಡಿದಳು, ಸರಿಪಡಿಸಿದಳು, ಒತ್ತಿದಳು. ಐದಕ್ಕೆ ನಾಲ್ಕು ನಿಮಿಷವಿದ್ದಾಗ ಫೈಲು ತಲುಪಿತು. ಪ್ರಿನ್ಸಿಪಾಲರು "ಬದುಕಿದೆವು!" ಎಂದು ಕುರ್ಚಿಗೆ ಕುಸಿದರು.

"ಮರೆತಿತ್ತು ಕಣಮ್ಮಾ, ಈಗ ಹೊಳೀತು," ಎಂದರು ಷಣ್ಮುಖಪ್ಪ.

ಕಲ್ಪನಾ ಕಣ್ಣೊರೆಸಿಕೊಂಡು ತಿರುಗಿದಳು. "ಈಗ ಹೊಳೀತಾ ಸಾರ್? ಫೋನಿನಾಗೆ ಹದಿನೈದು ದಿನ ಅಂದಾಗ ನಿಮ್ಮ ಮುಖ ನೋಡಿದೆ ನಾನು."

ಷಣ್ಮುಖಪ್ಪ ಪ್ರಿನ್ಸಿಪಾಲರತ್ತ ನೋಡಿದರು, ತಲೆ ತಗ್ಗಿಸಿದರು.

"ಅವಾಗ್ಲೇ ಗೊತ್ತಾತು," ಎಂದರು. "ನಿನ್ನ ಬೈತಿದ್ರು. ಹತ್ತು ನಿಮಿಷ ಸುಮ್ನೆ ಕುಂತಿದ್ದೆ."