ಸೈಕಲ್ ಸಿಮೋನಳ ಗಾಯಕನ ಹೊಸ ಹಾಡು

ಅರ್ಮಾಂ ಕಾಸ್ತೆರಾನದು ಇದು ಮೂರನೆಯ ವಿದಾಯ ಯಾತ್ರೆ. ಫ್ರಾನ್ಸಿನ ಗಾಯಕರು ಹಾಗೇ ಬಿಡಿ, ಒಂದೇ ಸಲಕ್ಕೆ ವಿದಾಯ ಹೇಳಿ ಮನೆ ಸೇರಿದರೆ ಅವರ ಮರ್ಯಾದೆ ಏನಾಗಬೇಕು! ಹಳೇ ಅಭಿಮಾನಿಗಳು ಭಾನುವಾರದ ಊಟ ಮುಗಿಸಿ, ಬಸ್ಸು ಮಾಡಿಕೊಂಡು ಬಂದು, ಮಧ್ಯಾಹ್ನವೇ ಕಣ್ಣೀರು ಸುರಿಸಿ ಹೋಗುತ್ತಿದ್ದರು. ಅವರಿಗೆ ಬೇಕಾದ್ದು ಒಂದೇ ಹಾಡು, 'ಸೈಕಲ್ ಮೇಲೆ ಸಿಮೋನ್'. ಐವತ್ತು ವರ್ಷದಿಂದ ಸಿಮೋನ್ ತುಳಿಯುತ್ತಲೇ ಇದ್ದಳು, ಪುಣ್ಯಾತ್ಗಿತ್ತಿ ಇನ್ನೂ ಎಲ್ಲೂ ಇಳಿದಿರಲಿಲ್ಲ.

ಅರ್ಮಾಂನಿಗೆ ಈ ಸಲ ಒಂದು ಹೊಸ ಹಾಡು ಹಾಡಬೇಕಿತ್ತು. ಫೆಬ್ರವರಿಯಲ್ಲಿ ಹೆಂಡತಿ ಒದಿಲ್ ತೀರಿಕೊಂಡ ಮೇಲೆ ಬರೆದದ್ದು. ಅದನ್ನೊಂದು ಸಲ ಜನ ಕೂತು ಕೇಳಿದರೆ ಸಾಕು, ಆಮೇಲೆ ನಿಜವಾಗಿಯೂ ಬಾಯಿ ಮುಚ್ಚಿಕೊಂಡಿರುತ್ತೇನೆ ಅಂದುಕೊಂಡಿದ್ದ. ಹೋದ ವಾರ ತೂರ್ ಊರಿನಲ್ಲಿ "ಇದು ಹೊಸದು" ಅಂದನೋ ಇಲ್ಲವೋ, ಅರ್ಧ ಸಭಾಂಗಣ ಎದ್ದು ಮೂತ್ರಕ್ಕೆ ಹೋಯಿತು.

"ಹೊಸ ಹಾಡು ಅಂದ್ರೆ ಅವರಿಗೆ ಇಂಟರ್ವಲ್ ಕಣಯ್ಯಾ," ಅಂದಳು ಕಾರ್ಯಕ್ರಮ ನೋಡಿಕೊಳ್ಳುವ ಜೋಸಿಯಾನ್. "ಈ ವಯಸ್ಸಲ್ಲಿ ಪ್ರತಿಭೆ ತೋರಿಸೋಕೆ ಹೋಗಬೇಡ. ಸಿಮೋನಳನ್ನ ಸೈಕಲ್ ಹತ್ತಿಸು, ಮನೆಗೆ ನಡಿ."

ಮುಂದಿನ ಊರು ಲಿಮೋಜ್, ಅಲ್ಲಿ ಅವನು ಹಸಿ ಸುಳ್ಳು ಹೇಳಿದ. "ಇದು ಎಪ್ಪತ್ತೆರಡನೇ ಇಸವಿಯಲ್ಲಿ ಹಾಡಿದ್ದು. ನಿಮಗೆಲ್ಲಿ ನೆನಪಿರುತ್ತೆ ಬಿಡಿ!"

ನೆನಪಿಲ್ಲ ಅಂತ ಒಪ್ಪಿಕೊಳ್ಳೋದುಂಟೇ? ಒಬ್ಬರೂ ಏಳಲಿಲ್ಲ. ಮೊದಲ ಚರಣಕ್ಕೇ ತಲೆದೂಗಿದರು, ಎರಡನೆಯದಕ್ಕೆ ಗುನುಗಿದರು. ಮುಂದಿನ ಸಾಲಿನ ಗಂಡಸೊಬ್ಬ ಹೆಂಡತಿಯ ಕಡೆ ತಿರುಗಿ ಕಣ್ಣು ಹೊಡೆದ. ಸಾವಿನ ಹಾಡಿಗೆ, ಅದೂ ಹುಟ್ಟಿ ಮೂರು ತಿಂಗಳಾಗದ ಹಾಡಿಗೆ, ಇಷ್ಟೊಂದು ಹಳೇ ನೆನಪುಗಳು! ಅರ್ಮಾಂ ನಗು ತಡೆದುಕೊಂಡು ಮುಗಿಸಿದ. ಚಪ್ಪಾಳೆಯೋ ಚಪ್ಪಾಳೆ. ಅಂತೂ ಗೆದ್ದೆ ಅಂದುಕೊಂಡ.

ಆಮೇಲೆ ಆಟೋಗ್ರಾಫಿನ ಸಾಲಿನಲ್ಲಿ, ತುಟಿಗೆ ಕೆಂಪು ಬಳಿದ ಜಿನೆತ್ ಎಂಬ ಮುದುಕಿ ಅವನ ಕೈ ಹಿಡಿದುಕೊಂಡಳು.

"ನಮ್ಮ ಮದುವೇಲಿ ಇದಕ್ಕೇ ಕುಣಿದಿದ್ವಿ ರೀ. ಆಗ ನಿಮ್ಮ ಗಂಟಲು ಇನ್ನೂ ಚೆನ್ನಾಗಿತ್ತು, ಬೇಜಾರು ಮಾಡ್ಕೋಬೇಡಿ."

"ಛೇ ಛೇ, ಬೇಜಾರ್ಯಾಕೆ ಮೇಡಂ."

"ಆದ್ರೂ ಎಂಥ ಬೂಟಾಟಿಕೆ ರೀ ನಿಮ್ದು! 'ಹಾಸಿಗೆಯಲ್ಲಿ ನೀನು ಮಲಗುತ್ತಿದ್ದ ಜಾಗಕ್ಕೆ ನಾನಿನ್ನೂ ಹೊರಳಿಲ್ಲ' ಅಂತೆ! ಇಪ್ಪತ್ತೆರಡರ ಹುಡುಗ, ನಿಮಗೇನು ಗೊತ್ತಿತ್ತು? ನನಗೆ ಗೊತ್ತಾಗಿದ್ದೇ ನಮ್ಮನೆಯವರು ಹೋದ್ಮೇಲೆ."

ಅರ್ಮಾಂ ಪೆನ್ನು ಕೆಳಗಿಟ್ಟ.

"ಏನೂ ಗೊತ್ತಿರಲಿಲ್ಲ ಮೇಡಂ," ಅಂದ. "ಗೊತ್ತಾಗಿದ್ದು ಈ ಫೆಬ್ರವರೀಲಿ."

ಜಿನೆತ್ ಅವನ ಮುಖವನ್ನೇ ನೋಡಿದಳು. ಹಿಂದಿನವರು ಬಸ್ಸು ಹೊರಡುತ್ತೆ ಅಂತ ಗೊಣಗುತ್ತಿದ್ದರು, ಇವರಿಬ್ಬರೂ ಹಿಡಿದ ಕೈ ಬಿಡದೆ ಅತ್ತರು.