ಕೂಗದ ಹೊಗೆಗಂಟೆ

ಮಕ್ಕಳನ್ನು ನೋಡಿಕೊಳ್ಳುವುದೇನು ಮಹಾ ಕೆಲಸ, ಉಣ್ಣಿಸಿ ಮಲಗಿಸಿದರಾಯಿತು ಎನ್ನುವವರನ್ನು ಒಂದು ದಿನ ದೊಡ್ಡಮ್ಮನ ಜೊತೆ ಬಿಡಬೇಕು. ಆಮೇಲೆ ಆ ಮಾತು ಆಡಲಿ ನೋಡೋಣ. ನಾಲ್ಕು ವರ್ಷದ ಗುಬ್ಬಿ ಬಾಯ್ತುಂಬ ದೊಡ್ಡಮ್ಮ ಎಂದು ಕರೆಯುತ್ತಿದ್ದಳೇ ಹೊರತು ಅವಳು ಆ ಮನೆಗೆ ಸಂಬಂಧದಲ್ಲಿ ಏನೂ ಅಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರಕ್ಕೆ ಹೋಗುವ ಕೆಲಸದವಳು. ಆದರೆ ಗುಬ್ಬಿಯ ಅಮ್ಮ, ಕಣ್ಣಿನ ಡಾಕ್ಟರು, ಬಂದವರ ಮುಂದೆಲ್ಲ "ಅಕ್ಕ ನಮ್ಮನೆಯವರೇ" ಎನ್ನುತ್ತಿದ್ದಳು. ದೊಡ್ಡಮ್ಮ ಅದನ್ನು ನಂಬಿದ್ದಳು. ನಂಬದೆ ಏನು ಮಾಡಿಯಾಳು, ಅಷ್ಟು ಚೆನ್ನಾಗಿ ಹೇಳುತ್ತಿದ್ದಳು ಆ ಪುಣ್ಯಾತ್ಗಿತ್ತಿ.

ಈ ಕೆಲಸ ಹಿಡಿಯುವ ಮೊದಲು ದೊಡ್ಡಮ್ಮ ಅಗ್ನಿಶಾಮಕ ಠಾಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆಂದೇ ನಡೆಸುವ ಮೂರು ದಿನದ ತರಬೇತಿ ಪಡೆದಿದ್ದಳು. ಕಲಿಸಿದವನು ಒಂದು ಹುಬ್ಬು ಸುಟ್ಟುಹೋಗಿದ್ದ ಮುದುಕ. ಅವನು ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠ. ಮಗು ಮಲಗಿದಾಗ ಕೋಣೆಯ ಬಾಗಿಲು ಮುಚ್ಚಿರಬೇಕು, ಹೊರಗೆ ಎಲ್ಲಿ ಬೆಂಕಿ ಬಿದ್ದರೂ ಬಾಗಿಲು ಸ್ವಲ್ಪ ಹೊತ್ತು ತಡೆಯುತ್ತದೆ. ಒಳಗೆ ಹೊಗೆ ತಾಕಿದರೆ ತಾನೇ ಕೂಗುವ ಹೊಗೆಗಂಟೆ ಇರಬೇಕು, ಮುಚ್ಚಿದ ಕೋಣೆಯ ಸುದ್ದಿಯನ್ನು ಅದೇ ಕೂಗಿ ಹೇಳಬೇಕು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಅದನ್ನು ಕೂಗಿಸಿ ನೋಡಬೇಕು.

"ಮೊದಲು ಮಗು, ಆಮೇಲೆ ಮನೆ. ಹೊರಗೆ ಬಂದ್ಮೇಲೆ ಸರ ಬಿಟ್ಟು ಬಂದೆ ಅಂತ ಮತ್ತೆ ಒಳಗೆ ಹೋದ್ರೆ, ನಿಮ್ಮನ್ನ ಹುಡುಕೋಕೆ ನಾನಂತೂ ಬರಲ್ಲ," ಎಂದಿದ್ದ ಮುದುಕ.

ಡಾಕ್ಟರಮ್ಮನ ಮನೆಗೆ ಬಂದ ಮೊದಲ ದಿನವೇ ಅವಳು ಗುಬ್ಬಿಯ ಕೋಣೆಯಲ್ಲಿ ಸ್ಟೂಲು ಹತ್ತಿದಳು. ಮೇಲೆ ಬಿಳಿಯ ದುಂಡು ಡಬ್ಬಿ, ಅದರಲ್ಲಿ ಸಾಸಿವೆಯಷ್ಟು ಕೆಂಪು ದೀಪ. ಗುಂಡಿ ಎಲ್ಲಿದೆ ಎಂದು ತಡಕುವಷ್ಟರಲ್ಲಿ ಡಾಕ್ಟರಮ್ಮ ಓಡಿ ಬಂದಳು.

"ಅಯ್ಯೋ ಅಕ್ಕ, ಅದನ್ನ ಒತ್ತಬೇಡಿ. ಅದು ನನ್ನ ಫೋನಿಗೆ ಸೇರ್ಕೊಂಡಿದೆ. ಇಲ್ಲಿ ಒತ್ತಿದ್ರೆ ಅಲ್ಲಿ ಕ್ಲಿನಿಕ್ಕಲ್ಲಿ ಬಡ್ಕೊಳ್ಳುತ್ತೆ. ನಾನೇ ನೋಡ್ಕೋತೀನಿ."

"ತಿಂಗಳಿಗೊಮ್ಮೆ ನೋಡ್ತೀರಲ್ಲಾ?"

"ದಿನಾ ನೋಡ್ತೀನಿ," ಎಂದಳು ಡಾಕ್ಟರಮ್ಮ.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ದೊಡ್ಡಮ್ಮ ಎಣಿಸಲಿಲ್ಲ. ಮುದುಕನ ಪಾಠದಲ್ಲಿ ಅದೊಂದನ್ನು ಡಾಕ್ಟರಮ್ಮನ ಕೈಗೆ ಬಿಟ್ಟುಕೊಟ್ಟಳು. ಆದರೂ ಧೂಳು ಕೂತರೆ ಗಂಟೆಗೆ ಹೊಗೆ ತಿಳಿಯುವುದಿಲ್ಲವೆಂದು ಪ್ರತಿ ಶನಿವಾರ ಸ್ಟೂಲು ಹತ್ತಿ ಡಬ್ಬಿಯನ್ನು ಒರೆಸುತ್ತಿದ್ದಳು. "ಏನಪ್ಪಾ ಕೆಂಗಣ್ಣ, ಎಚ್ಚರ ಇದ್ದೀಯಾ?" ಎಂದು ಅದನ್ನು ಮಾತಾಡಿಸಿದರೆ ಗುಬ್ಬಿಗೆ ನಗುವೋ ನಗು. ಇಬ್ಬರೂ ಬೆಕ್ಕಿನಾಟವನ್ನೂ ಆಡುತ್ತಿದ್ದರು. ದೊಡ್ಡಮ್ಮ 'ಹೊಗೆ ಬಂತು' ಎಂದರೆ ಸಾಕು, ನೆಲಕ್ಕೆ ಹೊಟ್ಟೆ ಹಚ್ಚಿ ಬಾಗಿಲಿನವರೆಗೆ ತೆವಳಬೇಕು. ಮೊದಲು ಮುಟ್ಟಿ ಮಿಯಾಂವ್ ಎಂದವರು ಗೆದ್ದಂತೆ. ಯಾವಾಗಲೂ ಗುಬ್ಬಿಯೇ ಗೆಲ್ಲುತ್ತಿದ್ದಳು.

ಹೀಗೆ ಎರಡು ವರ್ಷ ಕಳೆಯಿತು. ಒಂದು ಮಂಗಳವಾರ ಮಧ್ಯಾಹ್ನ ಗುಬ್ಬಿಯನ್ನು ಮಲಗಿಸಿ, ಬಾಗಿಲು ಮುಚ್ಚಿ, ದೊಡ್ಡಮ್ಮ ಹಜಾರದಲ್ಲಿ ಬಟ್ಟೆ ಮಡಚುತ್ತಿದ್ದಳು. ಗುಬ್ಬಿಯ ಒಂದು ಕಾಲುಚೀಲ ಸಿಕ್ಕಿತು, ಜೋಡಿ ಸಿಗಲಿಲ್ಲ. ನಾಳೆ ಹುಡುಕಿದರಾಯಿತು ಎಂದು ಬಿಟ್ಟಿದ್ದರೆ ಈ ಕಥೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಜೋಡಿ ತಪ್ಪಿದ್ದನ್ನು ಕಂಡರೆ ಅವಳಿಗೆ ಆಗದು. ಗೊಣಗುತ್ತಾ ಅದನ್ನು ಹಿಡಿದೇ ಎದ್ದು ಕೋಣೆಯ ಹತ್ತಿರ ಹೋದಳು.

ಒಳಗಿನಿಂದ ಸಣ್ಣಗೆ ಕೇಳಿಸಿತು. "ಮಿಯಾಂವ್."

ಜೊತೆಗೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮುದುಕ ಹೇಳಿದಂತೆ ಹಿಂಗೈಯಿಂದ ಬಾಗಿಲು ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ತೆರೆದರೆ ಸೊಂಟದಿಂದ ಮೇಲೆ ಬರೀ ಕಪ್ಪು ಹೊಗೆ. ಬೆಳಿಗ್ಗೆ ಡಾಕ್ಟರಮ್ಮ ಪರದೆಯ ಹಿಂದೆ ಚಾರ್ಜಿಗೆ ಹಾಕಿ ಮರೆತಿದ್ದ ಆಟದ ಕಾರು ಉರಿಯುತ್ತಿತ್ತು, ಪರದೆಗೂ ಹತ್ತಿತ್ತು. ಹೊಸ್ತಿಲ ಬಳಿ ನೆಲಕ್ಕೆ ಹೊಟ್ಟೆ ಹಚ್ಚಿ ಗುಬ್ಬಿ ಮಲಗಿದ್ದಳು. ಬಾಗಿಲು ಮುಟ್ಟಿದ್ದಳು, ಚಿಲಕ ಎಟುಕಿರಲಿಲ್ಲ. ಆಟದ ನಿಯಮದಂತೆ ಮಿಯಾಂವ್ ಎನ್ನುತ್ತಾ ದೊಡ್ಡಮ್ಮನಿಗಾಗಿ ಕಾಯುತ್ತಿದ್ದಳು.

ದೊಡ್ಡಮ್ಮ ಮಗುವನ್ನು ಎಳೆದು ಎತ್ತಿಕೊಂಡಳು, ಬಾಗಿಲು ಮತ್ತೆ ಮುಚ್ಚಿದಳು, ಬರಿಗಾಲಲ್ಲಿ ಬೀದಿಗೆ ಓಡಿ ಅಗ್ನಿಶಾಮಕದವರಿಗೆ ಫೋನು ಮಾಡಿದಳು. ಅವರು ಬಂದು ಬೆಂಕಿ ಆರಿಸುವ ತನಕ ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಗಂಟೆ ಯಾಕೆ ಕೂಗಲಿಲ್ಲ? ಶನಿವಾರ ಸರಿಯಾಗಿ ಒರೆಸಲಿಲ್ಲವೇ? ತಪ್ಪು ತನ್ನದೇ ಎಂದುಕೊಂಡಳು.

ಬಂದವರಲ್ಲೊಬ್ಬ ಅರ್ಧ ಕರಗಿದ ಆ ಡಬ್ಬಿಯನ್ನು ಹಿಡಿದು ಹೊರಗೆ ಬಂದ. "ಮಗು ಕೋಣೇಲಿ ಹೊಗೆಗಂಟೆ ಹಾಕಿಸಿಲ್ವಾ ಅಮ್ಮ?"

"ನಿಮ್ಮ ಕೈಯಲ್ಲಿರೋದು ಅದೇ ಅಲ್ವಾ?"

"ಇದು ಕ್ಯಾಮೆರಾ. ನೋಡೋಕೆ ಹೊಗೆಗಂಟೆ ಥರ ಇದೆ ಅಷ್ಟೇ. ಆಳುಗಳ ಮೇಲೆ ಕಣ್ಣಿಡೋಕೆ ಹಾಕಿಸ್ತಾರೆ," ಎಂದು ಅವನು ಡಬ್ಬಿಯನ್ನು ಅವಳ ಮುಂದಿಟ್ಟು ಹೋದ.

ಅಷ್ಟರಲ್ಲಿ ಡಾಕ್ಟರಮ್ಮ ಬಂದಳು. ಮಗುವನ್ನು ಅಪ್ಪಿ ಅತ್ತಳು, ಆಮೇಲೆ ದೊಡ್ಡಮ್ಮನನ್ನು ಅಪ್ಪಿದಳು. ಡಾಕ್ಟರಮ್ಮನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಅಕ್ಕ, ತಪ್ಪು ತಿಳ್ಕೋಬೇಡಿ. ಆಗ ನೀವು ಹೊಸಬರು. ಎರಡು ತಿಂಗಳು ನೋಡಿದೆ. ಆಮೇಲೆ ನಿಮ್ಮ ಮೇಲೆ ಪೂರ್ತಿ ನಂಬಿಕೆ ಬಂತು, ನೋಡೋದೇ ಬಿಟ್ಟುಬಿಟ್ಟೆ."

"ನಂಬಿಕೆ ಬಂದ ದಿನ ಇದನ್ನ ಕಿತ್ತು ಒಂದು ನಿಜವಾದ ಗಂಟೆ ಹಾಕಬಹುದಿತ್ತಲ್ಲ," ಎಂದಳು ದೊಡ್ಡಮ್ಮ. "ಅದು ಕೂಗುತ್ತೆ ಅಂತಲೇ ನಾನು ಬಾಗಿಲು ಮುಚ್ಚುತ್ತಿದ್ದೆ. ಎರಡು ವರ್ಷ, ದಿನಾ, ನನ್ನ ಕೈಯಾರೆ."

"ನಾಳೆ ಬರ್ತೀರಲ್ಲಾ ಅಕ್ಕ? ನೀವು ನಮ್ಮನೆಯವರೇ," ಎಂದಳು ಡಾಕ್ಟರಮ್ಮ.

"ಶನಿವಾರ ಶನಿವಾರ ಸ್ಟೂಲು ಹತ್ತಿ ಒರೆಸ್ತಿದ್ದೆ ಡಾಕ್ಟರಮ್ಮಾ. ಮಗು ಉಳೀಲಿ ಅಂತ ಒರೆಸ್ತಿದ್ದೆ. ನಿಮಗೆ ನಾನು ಚೆನ್ನಾಗಿ ಕಾಣಲಿ ಅಂತ ಒರೆಸ್ತಿದ್ದೀನಿ ಅನ್ನೋದು ನನಗೆ ಗೊತ್ತೇ ಇರಲಿಲ್ಲ."

ಆಗಲೇ ಅವಳಿಗೆ ತನ್ನ ಮುಷ್ಟಿಯಲ್ಲಿದ್ದ ಒಂಟಿ ಕಾಲುಚೀಲ ಕಂಡದ್ದು. ಗುಬ್ಬಿಯ ಎಡಗಾಲಲ್ಲಿ ಅದರ ಜೋಡಿ ಇತ್ತು. ದೊಡ್ಡಮ್ಮ ಬಗ್ಗಿ ಬಲಗಾಲಿಗೂ ತೊಡಿಸಿದಳು.

"ನಾನೇ ಗೆದ್ದೆ ಅಲ್ವಾ ದೊಡ್ಡಮ್ಮ?" ಎಂದಳು ಗುಬ್ಬಿ.

"ನೀನೇ ಗೆದ್ದೆ ಬಂಗಾರ," ಎಂದು ಅವಳ ಕೆನ್ನೆ ಸವರಿ ದೊಡ್ಡಮ್ಮ ಬರಿಗಾಲಲ್ಲೇ ಬೀದಿ ಹಿಡಿದಳು. ಚಪ್ಪಲಿ ಆ ಮನೆಯೊಳಗೇ ಇತ್ತು, ತರಲು ಹಿಂದಿರುಗಲಿಲ್ಲ.